ಕ್ಯಾಲಿಫೋರ್ನಿಯಾಕ್ಕೆ ಸ್ಪ್ರೇ ಬಾಟಲಿ ಕಳುಹಿಸುವ ಮುನ್ನ: ವಿಓಸಿ ನಿಯಮಗಳ ಸಮಗ್ರ ಮಾರ್ಗದರ್ಶಿ

ಪೀಣ್ಯದ ಸಣ್ಣ ಘಟಕವೊಂದರಲ್ಲಿ ತಯಾರಾದ ರೂಮ್ ಸ್ಪ್ರೇ ಇಂದು ಆನ್‌ಲೈನ್ ಮಾರುಕಟ್ಟೆಯ ಮೂಲಕ ಫ್ರೀಮಾಂಟ್‌ನ ಮನೆ ಬಾಗಿಲು ತಲುಪುವುದು ದೊಡ್ಡ ಸಂಗತಿಯೇನಲ್ಲ. ಸನ್ನಿವೇಲ್‌ನಲ್ಲಿ ನೆಲೆಸಿದ ಕನ್ನಡಿಗರೊಬ್ಬರು ತಮ್ಮದೇ ಬ್ರಾಂಡ್ ಹೆಸರಿನಲ್ಲಿ ಊರಿನಿಂದ ನೆಲ ಒರೆಸುವ ದ್ರಾವಣವನ್ನೋ ಕೇಶ ಸ್ಪ್ರೇಯನ್ನೋ ತರಿಸಿ ಮಾರುವುದೂ ಉಂಟು. ಇಂಥವರು ಸಾಮಾನ್ಯವಾಗಿ ಸುಂಕ, ಸಾಗಣೆ ವೆಚ್ಚ ಮತ್ತು ಆಮದು ಪರವಾನಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಬಾಟಲಿಯೊಳಗಿನ ಆಲ್ಕೋಹಾಲ್ ಶೇಕಡ ಎಷ್ಟಿರಬಹುದು ಎಂಬುದಕ್ಕೂ ಕಾನೂನು ಇದೆ ಎಂಬುದು ಗೊತ್ತಾಗುವುದು ನೋಟಿಸ್ ಬಂದ ಮೇಲೆ.

ಬೇಗ ಆವಿಯಾಗಿ ಗಾಳಿ ಕೆಡಿಸುವ ಇಂಥ ವಸ್ತುಗಳ (ವಿಓಸಿ) ಮೇಲಿನ ಆ ಕಾನೂನನ್ನು ಹಂತಹಂತವಾಗಿ ಪಾಲಿಸುವ ಕ್ರಮ ಇಲ್ಲಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರು ನೇರವಾಗಿ ಪ್ರಯೋಗಾಲಯಕ್ಕೆ ಓಡುತ್ತಾರೆ. ಓಡಬೇಕಾದದ್ದು ಲೇಬಲ್ಲಿನ ಕಡೆಗೆ. ಈ ನಿಯಮದಲ್ಲಿ ಬಾಟಲಿಯ ಒಳಗೆ ಏನಿದೆ ಎನ್ನುವುದಕ್ಕಿಂತ ಮೊದಲು ಬಾಟಲಿಯ ಮೇಲೆ ಏನು ಬರೆದಿದೆ ಎನ್ನುವುದು ನಿಮ್ಮ ಹಣೆಬರಹವನ್ನು ತೀರ್ಮಾನಿಸುತ್ತದೆ.

ಹಿನ್ನೆಲೆ

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಹೊಗೆಮಂಜು ಕವಿದಾಗ ಜನ ಶತ್ರುದೇಶದ ವಿಷಾನಿಲ ದಾಳಿ ಎಂದು ಹೆದರಿದ್ದರು. ಅದರ ಗುಟ್ಟನ್ನು 1950ರ ದಶಕದ ಆರಂಭದಲ್ಲಿ ಬಿಡಿಸಿದವರು ಅಲ್ಲಿನ ಕ್ಯಾಲ್ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್. ವಾಹನ ಮತ್ತು ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಆಕ್ಸೈಡುಗಳು, ಗಾಳಿಗೆ ಸೇರಿದ ಸಾವಯವ ಆವಿಗಳು, ಮೇಲೆ ಬಿಸಿಲು. ಈ ಮೂರು ಕೂಡಿದರೆ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ ಎಂದು ಅವರು ತೋರಿಸಿದರು. ಆ ಆವಿಗಳೇ ಬಾಷ್ಪಶೀಲ ಸಾವಯವ ಸಂಯುಕ್ತಗಳು, ರೂಢಿಯ ಮಾತಿನಲ್ಲಿ ವಿಓಸಿ. 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾಯಿತು. ಎಲ್ಲರೂ ಅದನ್ನು ಕಾರ್ಬ್ ಎಂದೇ ಕರೆಯುತ್ತಾರೆ.

ಕಾರುಗಳ ಹೊಗೆ ಹತೋಟಿಗೆ ಬರುತ್ತಿದ್ದಂತೆ ಉಳಿದ ಮೂಲಗಳು ಎದ್ದು ಕಂಡವು. ಒಂದು ಕೇಶ ಸ್ಪ್ರೇ ಡಬ್ಬಿಯಿಂದ ಹೊರಬೀಳುವುದು ಕೆಲವೇ ಗ್ರಾಂ. ಕೋಟಿಗಟ್ಟಲೆ ಜನ ದಿನವೂ ಬಳಸಿದರೆ ಅದು ಟನ್ನುಗಳ ಲೆಕ್ಕ. 1988ರ ರಾಜ್ಯ ಶುದ್ಧ ವಾಯು ಕಾಯ್ದೆ ಗೃಹಬಳಕೆಯ ವಸ್ತುಗಳನ್ನೂ ಕಾರ್ಬ್‌ನ ಕೈಗೆ ಕೊಟ್ಟಿತು. 1989ರಲ್ಲಿ ಬೆವರು ತಡೆಯುವ ವಸ್ತುಗಳು ಮತ್ತು ಡಿಯೋಡರೆಂಟ್‌ಗಳಿಗೆ ಮೊದಲ ನಿಯಮ ಬಂತು, 1990ರಿಂದ ಉಳಿದವುಗಳಿಗೆ. ಮಿತಿಗಳು ಹೇಗೆ ಕೆಳಗಿಳಿದಿವೆ ಎಂಬುದಕ್ಕೆ ಕೇಶ ಸ್ಪ್ರೇ ಒಳ್ಳೆಯ ಸಾಕ್ಷಿ: 1993ರಲ್ಲಿ ತೂಕದ ಶೇ 80, 1999ರಲ್ಲಿ ಶೇ 55, 2023ರ ಜನವರಿಯಿಂದ ಶೇ 50. ಇದು ಅತಿರೇಕ ಎಂದು ಗೊಣಗುವವರಿದ್ದಾರೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಯಾನ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರ ಅಧ್ಯಯನ ಅಂಥವರು ಓದಬೇಕಾದದ್ದು. ಕೈಗಾರಿಕೀಕರಣಗೊಂಡ ನಗರಗಳಲ್ಲಿ ಪಳೆಯುಳಿಕೆ ಇಂಧನ ಮೂಲದ ವಿಓಸಿಯಲ್ಲಿ ಸುಮಾರು ಅರ್ಧದಷ್ಟು ಬಣ್ಣ, ಅಂಟು, ಸುಗಂಧ, ಸ್ವಚ್ಛಕಗಳಂಥ ರಾಸಾಯನಿಕ ಉತ್ಪನ್ನಗಳಿಂದಲೇ ಬರುತ್ತದೆ ಎಂಬುದು ಅದರ ತೀರ್ಮಾನ.

ಹಂತ 1: ನಿಮ್ಮ ವಸ್ತು ಈ ನಿಯಮದೊಳಗೆ ಬರುತ್ತದೆಯೇ?

ನಿಯಮಗಳಿರುವುದು ಕ್ಯಾಲಿಫೋರ್ನಿಯಾ ನಿಯಮಾವಳಿಯ 17ನೇ ಶೀರ್ಷಿಕೆಯಲ್ಲಿ, 94500ನೇ ಸೆಕ್ಷನ್‌ನಿಂದ ಮುಂದಕ್ಕೆ. ಮನೆಗಳಲ್ಲಿ ಅಥವಾ ಸಂಸ್ಥೆಗಳಲ್ಲಿ ಬಳಕೆಯಾಗುವ, ರಾಸಾಯನಿಕವಾಗಿ ತಯಾರಿಸಿದ ವಸ್ತುಗಳೆಲ್ಲ ಇಲ್ಲಿ ಗ್ರಾಹಕ ಉತ್ಪನ್ನಗಳೇ: ಮಾರ್ಜಕ, ಪಾಲಿಶ್, ಸೌಂದರ್ಯವರ್ಧಕ, ಸುಗಂಧ, ಕೀಟನಾಶಕ, ಸೋಂಕುನಿವಾರಕ, ಕಾರು ಆರೈಕೆಯ ದ್ರಾವಣ, ಏರೋಸಾಲ್ (ಅನಿಲದ ಒತ್ತಡದಿಂದ ಚಿಮ್ಮುವ ಡಬ್ಬಿಯ) ಬಣ್ಣ. ‘ನಮ್ಮದು ಮನೆಗಲ್ಲ, ಕಚೇರಿ ಮತ್ತು ಆಸ್ಪತ್ರೆಗಳಿಗೆ ಮಾತ್ರ’ ಎಂದರೆ ತಪ್ಪಿಸಿಕೊಂಡಂತಾಗುವುದಿಲ್ಲ, ಸಂಸ್ಥೆಗಳ ಬಳಕೆಯೂ ಸೇರಿದೆ. ಗೋಡೆಗೆ ಬಳಿಯುವ ಬಣ್ಣ ಮಾತ್ರ ಹೊರಗಿದೆ. ಅದನ್ನು ನೋಡಿಕೊಳ್ಳುವುದು ರಾಜ್ಯದ 35 ಸ್ಥಳೀಯ ವಾಯು ಜಿಲ್ಲೆಗಳು, ಅವುಗಳ ನಿಯಮಗಳೇ ಬೇರೆ.

ತಯಾರಿಸುವುದು, ಪೂರೈಸುವುದು, ಮಾರುವುದು, ಮಾರಾಟಕ್ಕಿಡುವುದು ಎಲ್ಲವೂ ನಿಯಮದ ಹಿಡಿತದಲ್ಲಿವೆ. ಮಾರಾಟಗಾರ ಎಲ್ಲಿ ಕುಳಿತಿದ್ದಾನೆ ಎಂಬುದು ಮುಖ್ಯವಲ್ಲ, ವಸ್ತು ಕ್ಯಾಲಿಫೋರ್ನಿಯಾದ ಗ್ರಾಹಕನಿಗೆ ಹೋಗುತ್ತದೆಯೇ ಎಂಬುದು ಮುಖ್ಯ. ಲೇಬಲ್ ಮೇಲಿರುವ ಕಂಪನಿಯೇ ಜವಾಬ್ದಾರ ಪಕ್ಷ. ಎರಡು ಹೆಸರುಗಳಿದ್ದರೆ ಯಾರಿಗಾಗಿ ತಯಾರಿಸಲಾಗಿದೆಯೋ ಅಥವಾ ಯಾರು ವಿತರಿಸುತ್ತಾರೋ ಅವರು. ಎಂದರೆ ಬೆಂಗಳೂರಿನಲ್ಲಿ ಗುತ್ತಿಗೆಗೆ ಮಾಡಿಸಿ ಸನ್ನಿವೇಲ್‌ನಲ್ಲಿ ತಮ್ಮ ಹೆಸರು ಅಂಟಿಸುವವರೇ ಮೊದಲು ಉತ್ತರ ಕೊಡಬೇಕು. ‘ಸೂತ್ರ ತಯಾರಕರಿಗೆ ಗೊತ್ತು, ನಮಗೆ ಗೊತ್ತಿಲ್ಲ’ ಎಂಬುದು ಉತ್ತರವಲ್ಲ. ಆದ್ದರಿಂದ ಗುತ್ತಿಗೆ ಪತ್ರದಲ್ಲೇ ಪೂರ್ಣ ಸೂತ್ರದ ವಿವರ ಪಡೆಯುವ ಹಕ್ಕನ್ನು ಬರೆಸಿಕೊಳ್ಳಿ.

ಹಂತ 2: ಲೇಬಲ್ ಓದಿ, ವರ್ಗ ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಹೆಚ್ಚಿನ ಎಡವಟ್ಟುಗಳು ಆಗುವುದು ಇಲ್ಲಿಯೇ.

ನಿಯಮದಲ್ಲಿ ಪ್ರತಿ ವರ್ಗಕ್ಕೂ ಅದರದೇ ವ್ಯಾಖ್ಯೆಯಿದೆ, ಅದರದೇ ಮಿತಿಯಿದೆ. 94512ನೇ ಸೆಕ್ಷನ್ ಇನ್ನೊಂದು ಮಾತು ಸೇರಿಸುತ್ತದೆ: ಡಬ್ಬಿಯ ಮೇಲೆ, ಪೊಟ್ಟಣದ ಮೇಲೆ ಅಥವಾ ಅಂಟಿಸಿದ ಯಾವುದೇ ಚೀಟಿಯ ಮೇಲೆ ವಸ್ತುವನ್ನು ಇನ್ನೊಂದು ವರ್ಗದ ಕೆಲಸಕ್ಕೂ ಬಳಸಬಹುದು ಎಂದು ಸೂಚಿಸಿದ್ದರೆ, ಕೆಲವು ಹೆಸರಿಸಿದ ವಿನಾಯಿತಿಗಳನ್ನು ಬಿಟ್ಟರೆ, ಅತ್ಯಂತ ಕಡಿಮೆ ಮಿತಿಯೇ ಅನ್ವಯ. ಹಿಂದೆ ಮುಖ್ಯ ಮುಖಪುಟದ ಬರಹವನ್ನಷ್ಟೇ ನೋಡುತ್ತಿದ್ದರು. ಈಗ ಹಿಂಬದಿಯ ಸಣ್ಣ ಅಕ್ಷರವೂ ಲೆಕ್ಕಕ್ಕೆ ಬರುತ್ತದೆ.

ಲ್ಯಾವೆಂಡರ್ ಪರಿಮಳದ ಪಂಪ್ ಸ್ಪ್ರೇಯನ್ನೇ ತೆಗೆದುಕೊಳ್ಳಿ. ‘ಕೋಣೆಗೆ ಸುವಾಸನೆ’ ಎಂದಷ್ಟೇ ಬರೆದರೆ ಅದು ಪಂಪ್ ಮಾದರಿಯ ಏರ್ ಫ್ರೆಶನರ್, ಮಿತಿ ಶೇ 18. ಮಾರಾಟ ವಿಭಾಗದವರು ಉತ್ಸಾಹದಿಂದ ‘ಕೋಣೆಗೂ ಹಾಸಿಗೆ ಬಟ್ಟೆಗೂ, ದುರ್ವಾಸನೆ ಮಾಯ’ ಎಂದು ಸೇರಿಸಿದರೆ ಅದು ಬಟ್ಟೆ ತಾಜಾಕಾರಕವೂ ಆಗುತ್ತದೆ. ಏರೋಸಾಲ್ ಅಲ್ಲದ ಬಟ್ಟೆ ತಾಜಾಕಾರಕದ ಮಿತಿ ಶೇ 6. ಸೂತ್ರದಲ್ಲಿ ಒಂದು ಹನಿಯೂ ಬದಲಾಗಿಲ್ಲ. ಎರಡು ಪದಗಳು ಬಾಟಲಿಯನ್ನು ಕಾನೂನುಬಾಹಿರ ಮಾಡಿದವು. ಇನ್ನೂ ಮುಂದೆ ಹೋಗಿ ‘ರೋಗಾಣು ನಾಶಕ’ ಎಂದರೆ ಸಮಸ್ಯೆಯ ಜಾತಿಯೇ ಬೇರೆಯಾಗುತ್ತದೆ. ಅಂಥ ಘೋಷಣೆಯಿರುವ ವಸ್ತು ಅಮೆರಿಕದ ಕೀಟನಾಶಕ ಕಾನೂನಿನಡಿ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ಮತ್ತು ಕ್ಯಾಲಿಫೋರ್ನಿಯಾದ ಕೀಟನಾಶಕ ಇಲಾಖೆಯಲ್ಲಿ ನೋಂದಣಿ ಬೇಡುತ್ತದೆ. ನಮ್ಮಲ್ಲಿ ಫಿನೈಲ್ ಬಾಟಲಿಯ ಮೇಲೆ ಧಾರಾಳವಾಗಿ ಅಚ್ಚಾಗುವ ‘ಶೇ 99.9 ಕ್ರಿಮಿಗಳ ನಾಶ’ ಎಂಬ ಸಾಲನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಮಾಡಬೇಕಾದದ್ದು ಇಷ್ಟು. ಲೇಬಲ್ಲಿನ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ: ಸ್ವಚ್ಛಗೊಳಿಸುತ್ತದೆ, ಹೊಳಪು ಕೊಡುತ್ತದೆ, ಓಡಿಸುತ್ತದೆ, ಕೊಲ್ಲುತ್ತದೆ. ಪ್ರತಿಯೊಂದಕ್ಕೂ 94508ನೇ ಸೆಕ್ಷನ್‌ನ ವ್ಯಾಖ್ಯೆಗಳಲ್ಲಿ ಯಾವ ವರ್ಗ ಹೊಂದುತ್ತದೆ ಎಂದು ಹುಡುಕಿ, ಸಿಕ್ಕ ವರ್ಗಗಳನ್ನೆಲ್ಲ ಬರೆದಿಡಿ. ನಂತರ ಪ್ರತಿ ಪದವನ್ನೂ ಕೇಳಿ: ಇದು ಇಲ್ಲದಿದ್ದರೆ ವ್ಯಾಪಾರ ನಿಲ್ಲುತ್ತದೆಯೇ? ನಿಲ್ಲದಿದ್ದರೆ ತೆಗೆದುಹಾಕಿ. ಹೊಸ ಸೂತ್ರ ರೂಪಿಸುವುದಕ್ಕಿಂತ ಹೊಸ ಲೇಬಲ್ ಅಚ್ಚು ಹಾಕಿಸುವುದು ಬಲು ಅಗ್ಗ. ನಿಯಮ ನೋಡುವುದು ಡಬ್ಬಿ ಮತ್ತು ಪೊಟ್ಟಣದ ಮಾತನ್ನಾದರೂ ಮಾರಾಟದ ಜಾಲತಾಣದಲ್ಲಿ ಅದಕ್ಕೆ ವಿರುದ್ಧವಾದ ಬಣ್ಣನೆ ಬೇಡ.

ಹಂತ 3: ಪಟ್ಟಿಯಲ್ಲಿ ಮಿತಿ ಹುಡುಕಿ

94509ನೇ ಸೆಕ್ಷನ್‌ನಲ್ಲಿ ದೊಡ್ಡ ಪಟ್ಟಿಯಿದೆ. ಒಂದೇ ವರ್ಗಕ್ಕೆ ಹಲವು ದಿನಾಂಕಗಳೂ ಹಲವು ಮಿತಿಗಳೂ ಇರುತ್ತವೆ. ನಿಮ್ಮ ತಯಾರಿಕಾ ದಿನಾಂಕಕ್ಕೆ ಹೊಂದುವುದನ್ನು ಆರಿಸಿ. ರೂಪವನ್ನೂ ಗಮನಿಸಿ, ಏರೋಸಾಲ್ ಮತ್ತು ಏರೋಸಾಲ್ ಅಲ್ಲದ್ದಕ್ಕೆ ಮಿತಿಗಳು ಬೇರೆ ಬೇರೆ. ಅಂದಾಜಿಗೆ ಹೇಳುವುದಾದರೆ, ಏರೋಸಾಲ್ ಅಲ್ಲದ ಸಾಮಾನ್ಯ ಸ್ವಚ್ಛಕದ ಮಿತಿ ಕೇವಲ ಶೇ 0.5, ಏರೋಸಾಲ್ ಕೀಟ ನಿವಾರಕ ಲೇಪಕ್ಕೆ ಶೇ 65. ಏರೋಸಾಲ್ ಏರ್ ಫ್ರೆಶನರ್‌ಗಳ ಮಿತಿಯನ್ನು 2021ರ ತಿದ್ದುಪಡಿ ಮತ್ತೆ ಬಿಗಿ ಮಾಡಿದೆ. ಹಳೆಯ ಲೇಖನವೊಂದರಿಂದ ಅಂಕಿ ಎತ್ತಿಕೊಳ್ಳದೆ ಕಾರ್ಬ್‌ನ ಚಾಲ್ತಿಯಲ್ಲಿರುವ ಪಠ್ಯವನ್ನೇ ತೆರೆದು ನೋಡಿ. ಈ ಲೇಖನದ ಅಂಕಿಗಳಿಗೂ ಅದೇ ಮಾತು ಸಲ್ಲುತ್ತದೆ.

ಎರಡು ವರ್ಗಗಳ ಲೆಕ್ಕ ವಿಚಿತ್ರವಾಗಿದೆ. ಬೆವರು ತಡೆಯುವ ಏರೋಸಾಲ್‌ಗಳು ಮತ್ತು ಡಿಯೋಡರೆಂಟ್‌ಗಳಲ್ಲಿ ವಿಓಸಿಯನ್ನು ಆವಿ ಒತ್ತಡದ (ವಸ್ತು ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದರ ಅಳತೆ) ಮೇಲೆ ಎರಡಾಗಿ ಒಡೆಯುತ್ತಾರೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚಿನದು ಒಂದು, 2ರಿಂದ 80ರವರೆಗಿನದು ಇನ್ನೊಂದು. ಏರೋಸಾಲ್ ಬಣ್ಣಗಳಲ್ಲಿ ಶೇಕಡಾವಾರು ಲೆಕ್ಕವನ್ನೇ ಕೈಬಿಟ್ಟು, ಒಂದು ಗ್ರಾಂ ಉತ್ಪನ್ನ ಎಷ್ಟು ಗ್ರಾಂ ಓಝೋನ್ ಹುಟ್ಟಿಸಬಲ್ಲದು ಎಂದು ಅಳೆಯುತ್ತಾರೆ. ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಕಾರ್ಟರ್ ರೂಪಿಸಿದ ಪ್ರತಿಕ್ರಿಯಾಶೀಲತೆಯ ಅಂಕಿಗಳೇ ಇದಕ್ಕೆ ಆಧಾರ. ನನ್ನ ಅಭಿಪ್ರಾಯದಲ್ಲಿ ವೈಜ್ಞಾನಿಕವಾಗಿ ಇದೇ ಸರಿಯಾದ ದಾರಿ. ಆದರೆ ಸಣ್ಣ ತಯಾರಕರಿಗೆ ಇದು ತಲೆನೋವು, ಪ್ರತಿ ದ್ರಾವಕಕ್ಕೂ ಬೇರೆ ಗುಣಕ ಹಿಡಿದು ಗುಣಿಸಬೇಕು.

ಹಂತ 4: ಲೆಕ್ಕ ಹಾಕಿ, ತೂಕದಲ್ಲಿ

ಮಿತಿಯಿರುವುದು ತೂಕದ ಶೇಕಡದಲ್ಲಿ. ಆಲ್ಕೋಹಾಲ್ ನೀರಿಗಿಂತ ಹಗುರವಾದ್ದರಿಂದ ಪರಿಮಾಣದ ಶೇಕಡವೂ ತೂಕದ ಶೇಕಡವೂ ಒಂದೇ ಅಲ್ಲ. ಪರಿಮಾಣದಲ್ಲಿ ಶೇ 25 ಎಥನಾಲ್ ಇರುವ ದ್ರಾವಣ ತೂಕದಲ್ಲಿ ಸುಮಾರು ಶೇ 20. ಇಲ್ಲಿ ಸಿಗುವ ಶೇ 96 ಪರಿಮಾಣದ ಇಎನ್‌ಎ (ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್, ಎಂದರೆ ಶುದ್ಧೀಕರಿಸಿದ ಎಥನಾಲ್) ತೂಕದಲ್ಲಿ ಸುಮಾರು ಶೇ 94. ಅಳತೆ ಪಾತ್ರೆಯನ್ನು ಬದಿಗಿಟ್ಟು ತಕ್ಕಡಿ ಹಿಡಿಯಿರಿ.

ಯಾವುದು ವಿಓಸಿ? ಎಥನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್, ಏರೋಸಾಲ್ ಡಬ್ಬಿಯ ಪ್ರೊಪೇನ್, ಬ್ಯೂಟೇನ್, ಡೈಮೀಥೈಲ್ ಈಥರ್ ಎಲ್ಲವೂ ಹೌದು. ಅಸಿಟೋನ್ ಅಲ್ಲ. ಮೂಗಿಗೆ ರಾಚುವ ಅಸಿಟೋನ್‌ಗೆ ವಿನಾಯಿತಿ, ತಂಪು ಪರಿಮಳದ ನಿಂಬೆ ಸಿಪ್ಪೆಯ ಎಣ್ಣೆಗೆ ಲೆಕ್ಕ! ಕಾರಣ ಸರಳ: ಅಸಿಟೋನ್ ಓಝೋನ್ ಹುಟ್ಟಿಸುವುದು ಬಹಳ ಕಡಿಮೆ, ನಿಂಬೆ ಎಣ್ಣೆಯ ಲಿಮೊನೀನ್ ಬಹಳ ಹೆಚ್ಚು. ‘ಸಹಜ’, ‘ಗಿಡಮೂಲಿಕೆಯದು’ ಎಂಬ ಮಾತುಗಳಿಗೆ ಈ ನಿಯಮದಲ್ಲಿ ಕವಡೆ ಕಿಮ್ಮತ್ತಿಲ್ಲ.

ನಿಧಾನವಾಗಿ ಆವಿಯಾಗುವ ವಸ್ತುಗಳನ್ನು ಹೆಚ್ಚಿನ ವರ್ಗಗಳಲ್ಲಿ ಲೆಕ್ಕದಿಂದ ಬಿಡಬಹುದು: 20 ಡಿಗ್ರಿಯಲ್ಲಿ ಆವಿ ಒತ್ತಡ 0.1 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇರುವಂಥವು. ಆ ಒತ್ತಡ ಗೊತ್ತಿಲ್ಲದಿದ್ದರೆ 12ಕ್ಕಿಂತ ಹೆಚ್ಚು ಇಂಗಾಲದ ಪರಮಾಣುಗಳಿರುವಂಥವು ಅಥವಾ 216 ಡಿಗ್ರಿ ಸೆಲ್ಸಿಯಸ್ ಮೀರಿದ ಕುದಿಬಿಂದುವಿನವು. ಪ್ರೊಪಿಲೀನ್ ಗ್ಲೈಕಾಲ್ ಹೀಗೆ ಪಾರಾಗುತ್ತದೆ. ಸುಗಂಧಕ್ಕೆ ಒಟ್ಟು ತೂಕದ ಶೇ 2ರವರೆಗೆ ವಿನಾಯಿತಿ ಬಹುಕಾಲದಿಂದ ಇದೆ. ಅದನ್ನು ಮುಂದೆ ಮೊಟಕುಗೊಳಿಸಲು 2021ರ ತಿದ್ದುಪಡಿ ದಾರಿ ಮಾಡಿರುವುದರಿಂದ, ಹೊಸ ಸೂತ್ರ ರೂಪಿಸುವವರು ಅದನ್ನೇ ನಂಬಿ ಕೂರುವುದು ಜಾಣತನವಲ್ಲ.

ಈಗ ನಮ್ಮ ಲ್ಯಾವೆಂಡರ್ ಬಾಟಲಿ. ನೂರು ಗ್ರಾಂನಲ್ಲಿ ಇಎನ್‌ಎ 18 ಗ್ರಾಂ, ಲ್ಯಾವೆಂಡರ್ ಎಣ್ಣೆ 2.5, ಎಣ್ಣೆಯನ್ನು ನೀರಿನಲ್ಲಿ ಕರಗಿಸುವ ಪಾಲಿಸಾರ್ಬೇಟ್ 5, ಪ್ರೊಪಿಲೀನ್ ಗ್ಲೈಕಾಲ್ 3, ಉಳಿದ 71.5 ನೀರು ಎಂದಿಟ್ಟುಕೊಳ್ಳಿ. ಇಎನ್‌ಎಯಲ್ಲಿರುವ ಎಥನಾಲ್ 16.9 ಗ್ರಾಂ. ಎಣ್ಣೆಯಲ್ಲಿ 2 ಗ್ರಾಂಗೆ ವಿನಾಯಿತಿ, ಉಳಿದ 0.5 ಗ್ರಾಂ ಅನ್ನು ಪೂರ್ತಿ ವಿಓಸಿ ಎಂದೇ ಹಿಡಿಯೋಣ. ಪಾಲಿಸಾರ್ಬೇಟ್ ಮತ್ತು ಗ್ಲೈಕಾಲ್ ಸೊನ್ನೆ. ಮೊತ್ತ ಶೇ 17.4. ಕೋಣೆಯ ಸ್ಪ್ರೇ ಆಗಿ ತೇರ್ಗಡೆ, ಹಾಸಿಗೆ ಬಟ್ಟೆಯ ಸ್ಪ್ರೇ ಆಗಿ ಅನುತ್ತೀರ್ಣ. ತೇರ್ಗಡೆಯಾದರೂ ಶೇ 0.6ರ ಅಂತರ ಸಾಲದು. ತೂಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಇಡೀ ಬ್ಯಾಚ್ ಮಿತಿ ದಾಟುತ್ತದೆ, ಅದಕ್ಕೆ ಶೇ 1ರಿಂದ 2 ಅಂತರವನ್ನಾದರೂ ಇಟ್ಟುಕೊಳ್ಳಿ.

ಶೇ 6ಕ್ಕೆ ಇಳಿಸಲೇಬೇಕೆಂದರೆ ಆಲ್ಕೋಹಾಲ್ ಕಡಿಮೆಯಾಗಿ ದ್ರಾವಣ ಮಬ್ಬಾಗುತ್ತದೆ, ಕರಗಿಸುವ ವಸ್ತುವನ್ನು ಹೆಚ್ಚಿಸಬೇಕು. ಆಲ್ಕೋಹಾಲ್ ಇಳಿದ ಬಾಟಲಿಯಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವುದರಿಂದ ಸಂರಕ್ಷಕವೂ ಬೇಕಾಗುತ್ತದೆ. ಹಾಸಿಗೆ ಬಟ್ಟೆಯ ಮೇಲೆ ಅಂಟಂಟು ಉಳಿಯುವ ಅಪಾಯವೂ ಇದೆ. ಇಷ್ಟೆಲ್ಲ ಮಾಡುವ ಬದಲು ಲೇಬಲ್ಲಿನಿಂದ ‘ಬಟ್ಟೆ’ಯನ್ನು ತೆಗೆಯುವುದು ಮೇಲು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸಾಂದ್ರ ದ್ರಾವಣಗಳಿಗೆ ಒಂದು ಅನುಕೂಲವಿದೆ. ನೀರು ಬೆರೆಸಿಯೇ ಬಳಸಬೇಕೆಂದು ಲೇಬಲ್ ಸ್ಪಷ್ಟವಾಗಿ ಹೇಳಿದರೆ, ಸೂಚಿಸಿದ ಕನಿಷ್ಠ ಪ್ರಮಾಣದ ನೀರು ಬೆರೆಸಿದ ನಂತರದ ಲೆಕ್ಕ ಸಾಕು. ಶೇ 10 ವಿಓಸಿಯಿರುವ ಸ್ವಚ್ಛಕದ ಒಂದು ಭಾಗಕ್ಕೆ 30 ಭಾಗ ನೀರು ಎಂದರೆ ಸುಮಾರು ಶೇ 0.32, ಮಿತಿಯೊಳಗಾಯಿತು. ಅಲ್ಲೊಂದು ಇಲ್ಲೊಂದು ಹಠಮಾರಿ ಕಲೆಗೆ ನೇರವಾಗಿ ಹಚ್ಚಿ ಎಂಬ ಸಲಹೆ ಇದನ್ನು ಕೆಡಿಸುವುದಿಲ್ಲ. ‘ನೀರು ಬೆರೆಸದೆಯೂ ಬಳಸಬಹುದು’ ಎಂಬ ಸಾಮಾನ್ಯ ಸೂಚನೆ ಕೆಡಿಸುತ್ತದೆ. ಇಲ್ಲೂ ತೀರ್ಪು ಕೊಟ್ಟದ್ದು ಲೇಬಲ್ಲೇ.

ಹಂತ 5: ನಿಷಿದ್ಧ ವಸ್ತುಗಳು

ಶೇಕಡಾವಾರು ಸರಿಯಿದ್ದರೂ ಕೆಲವು ವಸ್ತುಗಳು ಇರಲೇಬಾರದು. ಘನರೂಪದ ಏರ್ ಫ್ರೆಶನರ್ ಮತ್ತು ಶೌಚಾಲಯದ ಗುಳಿಗೆಗಳಲ್ಲಿ ಪ್ಯಾರಾ-ಡೈಕ್ಲೋರೊಬೆಂಜೀನ್ ಅಲ್ಲಿ 2006ರ ಕೊನೆಗೆ ಪೂರ್ತಿ ನಿಂತಿತು. ನಮ್ಮ ಹೋಟೆಲುಗಳ ಮೂತ್ರಾಲಯಗಳಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಗುಳಿಗೆಗಳನ್ನು ರಫ್ತು ಮಾಡುವ ಯೋಚನೆಯಿದ್ದರೆ ಮೊದಲು ಅದರ ಸಂಯೋಜನೆ ವಿಚಾರಿಸಿ. ಮೀಥಿಲೀನ್ ಕ್ಲೋರೈಡ್, ಪರ್‌ಕ್ಲೋರೊಎಥಿಲೀನ್, ಟ್ರೈಕ್ಲೋರೊಎಥಿಲೀನ್ ಹಲವಾರು ವರ್ಗಗಳಲ್ಲಿ ನಿಷಿದ್ಧ. ಕೆಲವು ಏರೋಸಾಲ್ ವರ್ಗಗಳಲ್ಲಿ ಭೂತಾಪ ಸಾಮರ್ಥ್ಯ (ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ಭೂಮಿಯನ್ನು ಎಷ್ಟು ಪಟ್ಟು ಬಿಸಿ ಮಾಡುತ್ತದೆ ಎಂಬ ಅಂಕಿ) 150 ಅಥವಾ ಅದಕ್ಕಿಂತ ಹೆಚ್ಚಿರುವ ಅನಿಲವನ್ನು ಬಳಸುವಂತಿಲ್ಲ. ವಿಓಸಿ ಅಲ್ಲದ ಎಚ್‌ಎಫ್‌ಸಿ-152ಎ ಈ ಗೆರೆಯ ಕೆಳಗೆ ಉಳಿಯುತ್ತದೆ, ಎಚ್‌ಎಫ್‌ಸಿ-134ಎ ಬಹಳ ಮೇಲೆ ಹೋಗುತ್ತದೆ.

ಹಂತ 6: ಪರೀಕ್ಷೆ

ಕಾರ್ಬ್ ತನ್ನ ತಪಾಸಣೆಗೆ ಬಳಸುವ ವಿಧಾನದ ಹೆಸರು ಮೆಥಡ್ 310. ನಿಮ್ಮ ಪ್ರಯೋಗಾಲಯ ಆ ವಿಧಾನದಲ್ಲಿ ಪರೀಕ್ಷೆ ಮಾಡುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಪರೀಕ್ಷೆ ಒಂದು ಬ್ಯಾಚಿನ ಸತ್ಯವನ್ನು ಮಾತ್ರ ಹೇಳುತ್ತದೆ. ಹಾಗಾಗಿ ಪ್ರತಿ ಬ್ಯಾಚಿನ ತೂಕದ ದಾಖಲೆ, ಕಚ್ಚಾವಸ್ತು ಪೂರೈಕೆದಾರರ ಸುರಕ್ಷತಾ ಪತ್ರ, ಸುಗಂಧ ಮಿಶ್ರಣದ ವಿಓಸಿ ಹೇಳಿಕೆ ಇವುಗಳನ್ನು ಕಡತದಲ್ಲಿಡಿ. ಸುಗಂಧ ತಯಾರಕರು ಸೂತ್ರ ಬಿಟ್ಟುಕೊಡುವುದಿಲ್ಲ. ಸೂತ್ರ ಬೇಡ, ವಿಓಸಿ ಎಷ್ಟು, ನಿಧಾನ ಆವಿಯ ಭಾಗ ಎಷ್ಟು ಎಂಬ ಸಹಿ ಮಾಡಿದ ಪತ್ರ ಸಾಕು ಎಂದರೆ ಕೊಡುತ್ತಾರೆ.

ಹಂತ 7: ತಯಾರಿಕಾ ದಿನಾಂಕ

ಪ್ರತಿ ಡಬ್ಬಿಯ ಮೇಲೂ ತಯಾರಾದ ದಿನ, ತಿಂಗಳು, ವರ್ಷ ಅಥವಾ ಅದನ್ನು ಸೂಚಿಸುವ ಸಂಕೇತ ಇರಬೇಕು. ಕಾರ್ಬ್‌ನ ಮಾದರಿ ಸಂಕೇತದಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. 2025ರ ಮಾರ್ಚ್ 1 ಎಂದರೆ 25 060. ನಿಮ್ಮದೇ ಸಂಕೇತ ಬಳಸಿದರೆ ಅದರ ವಿವರಣೆಯನ್ನು ಕಾರ್ಬ್‌ಗೆ ಸಲ್ಲಿಸಬೇಕು. ಅದರ ಗೋಜೇಕೆ, ಮಾದರಿ ಸಂಕೇತವನ್ನೇ ಬಳಸಿ. ಹೊಸ ಮಿತಿ ಜಾರಿಗೆ ಬಂದಾಗ ಅದಕ್ಕೆ ಮೊದಲೇ ತಯಾರಾದ ಸರಕನ್ನು ಮೂರು ವರ್ಷ ಮಾರಲು ಸಾಮಾನ್ಯವಾಗಿ ಅವಕಾಶವಿದೆ. ದಿನಾಂಕವಿಲ್ಲದ ಡಬ್ಬಿಗೆ ಆ ಅವಕಾಶವಿಲ್ಲ.

ಹಂತ 8: ಮಾರಾಟ, ತಪಾಸಣೆ, ನೋಟಿಸ್

ಕಾರ್ಬ್‌ನ ಸಿಬ್ಬಂದಿ ಅಂಗಡಿಗಳಿಂದ ಮತ್ತು ಆನ್‌ಲೈನ್‌ನಿಂದ ವಸ್ತುಗಳನ್ನು ಕೊಂಡು ಪರೀಕ್ಷಿಸುತ್ತಾರೆ. ಮಿತಿ ಮೀರಿದ್ದರೆ ಉಲ್ಲಂಘನೆಯ ನೋಟಿಸ್ ಬರುತ್ತದೆ. ಹೆಚ್ಚಿನ ಪ್ರಕರಣಗಳು ದಂಡದ ಒಪ್ಪಂದದಲ್ಲಿ ಮುಗಿಯುತ್ತವೆ, ಆ ಒಪ್ಪಂದಗಳು ಕಂಪನಿಯ ಹೆಸರಿನೊಂದಿಗೆ ಪ್ರಕಟವಾಗುತ್ತವೆ. ನೋಟಿಸ್ ಬಂದ ದಿನವೇ ಆ ರಾಜ್ಯಕ್ಕೆ ಸಾಗಣೆ ನಿಲ್ಲಿಸಿ, ಎಷ್ಟು ಡಬ್ಬಿ ಯಾವಾಗ ಹೋಗಿವೆ ಎಂಬ ಲೆಕ್ಕ ತೆಗೆಯಿರಿ, ಸೂತ್ರದ ಕಡತದೊಂದಿಗೆ ಉತ್ತರಿಸಿ. ನೋಟಿಸ್ ಇಲ್ಲದೆಯೂ ಕಾರ್ಬ್ 90 ದಿನಗಳ ಲಿಖಿತ ಸೂಚನೆ ಕೊಟ್ಟು ಮಾರಾಟ ಮತ್ತು ಸೂತ್ರದ ಮಾಹಿತಿಯನ್ನು ಕೇಳಬಹುದು. ಸೂತ್ರವನ್ನು ವ್ಯಾಪಾರ ರಹಸ್ಯವೆಂದು ಗುರುತಿಸಿ ಕೊಡಲು ಅವಕಾಶವಿದೆ.

ಮಿತಿ ಪಾಲಿಸಲು ಆಗದೆಂದು ತೀರ್ಮಾನಿಸಿದರೆ ಕ್ಯಾಲಿಫೋರ್ನಿಯಾವನ್ನು ಬಿಟ್ಟು ಬೇರೆಡೆ ಮಾರಬಹುದು. ಹೊರ ರಾಜ್ಯಕ್ಕೆಂದು ತಯಾರಾದ ಸರಕಿಗೆ ನಿಯಮ ಅನ್ವಯಿಸದು, ಆದರೆ ಅದು ಒಳಗೆ ನುಸುಳದಂತೆ ಸಾಕಷ್ಟು ಎಚ್ಚರ ವಹಿಸಿದ್ದೇವೆ ಎಂದು ತಯಾರಕರು ತೋರಿಸಬೇಕು. ಆನ್‌ಲೈನ್ ಮಾರಾಟದಲ್ಲಿ ಆ ರಾಜ್ಯದ ವಿಳಾಸಗಳನ್ನೇ ತಡೆಹಿಡಿಯುವುದು ಕನಿಷ್ಠ ಎಚ್ಚರ. ಹಾಗೆಂದು ಉಳಿದೆಡೆ ಬಾಗಿಲು ಪೂರ್ತಿ ತೆರೆದಿದೆ ಎಂದುಕೊಳ್ಳಬೇಡಿ. ಇಡೀ ಅಮೆರಿಕಕ್ಕೆ 1998ರ ಕೇಂದ್ರ ನಿಯಮವಿದೆ, ಅದು 24 ವರ್ಗಗಳಿಗೆ ಸೀಮಿತ ಮತ್ತು ಸಡಿಲ. ನ್ಯೂಯಾರ್ಕ್ ಸೇರಿದಂತೆ ಈಶಾನ್ಯದ ಹಲವು ರಾಜ್ಯಗಳು ಕಾರ್ಬ್‌ನ ಹಳೆಯ ಅಂಕಿಗಳನ್ನು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿವೆ. ಕೆನಡಾದ ವಿಓಸಿ ಮಿತಿಗಳು 2023ರ ಜನವರಿ 1ರಿಂದ ಜಾರಿಗೆ ಬಂದಿವೆ. ಟೊರಾಂಟೊದ ಕಡೆಗೆ ಹೊರಟ ಪೆಟ್ಟಿಗೆಗೂ ಈ ಎಂಟು ಹಂತಗಳ ಲೆಕ್ಕ ಒಮ್ಮೆ ಮಾಡಬೇಕು, ಆದರೆ ಅಲ್ಲಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡು.